ನರ್ಸಿಂಗ್ ರಿಜಿಸ್ಟ್ರೇಷನ್ ಮುಗಿಯಲು ನಾಲ್ಕೇ ತಿಂಗಳು, ಕೈಯಲ್ಲಿರುವುದು 62 ಗಂಟೆ. ಏನು ಮಾಡಲಿ?

ಕಾಳಿನದಿ_ಸಿಸ್ಟರ್ (ಕಾರವಾರ)
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಸರಿ ನಿದ್ದೆ ಇಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಾರವಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದ್ದು. ಹಿಂದಿನ ಸಲ ರಿನ್ಯೂವಲ್ ಮಾಡಿಸಿದ್ದು ಕೊರೊನಾ ಗಲಾಟೆಯಲ್ಲಿ, ಹೇಗೋ ಆಗಿಹೋಯಿತು. ಈ ಸಲ ಕಪಾಟು ತೆಗೆದು ಸಿಎನ್‌ಇ (ನರ್ಸುಗಳ ಮುಂದುವರಿಕೆ ಕಲಿಕೆ) ಸರ್ಟಿಫಿಕೇಟೆಲ್ಲ ಹರಡಿಕೊಂಡು ಕೂಡಿಸಿದರೆ ಬರೀ 62 ಗಂಟೆ. ರಿನ್ಯೂವಲ್‌ಗೆ ಬೇಕಾಗಿರುವುದು 5 ವರ್ಷಕ್ಕೆ 150. ಇನ್ನು ನಾಲ್ಕು ತಿಂಗಳಲ್ಲಿ 88 ಗಂಟೆ ಎಲ್ಲಿಂದ ತರಲಿ?

ನಮ್ಮಲ್ಲಿ ನೈಟಿಗೆ ಮೂವರು ಇರಬೇಕು, ಇರುವುದು ಇಬ್ಬರು. ರಜೆ ಅಂದರೆ ಮೇಡಂ ಮುಖ ಹಾಗಲಕಾಯಿ. ಒಳ್ಳೆ ಕಾರ್ಯಾಗಾರ ಎಲ್ಲ ಮಣಿಪಾಲ, ಮಂಗಳೂರು, ಬೆಂಗಳೂರಲ್ಲಿ. ಬೆಂಗಳೂರಿಗೆ ಇಲ್ಲಿಂದ 500 ಕಿಲೋಮೀಟರ್ ಮೇಲೆ. ಒಂದು ದಿನದ ಕಾರ್ಯಕ್ರಮಕ್ಕೆ ಮೂರು ದಿನ ಹೋಗುತ್ತದೆ.

ಇನ್ನೊಂದು ತಲೆನೋವು. ರಿಜಿಸ್ಟ್ರೇಷನ್ ಸರ್ಟಿಫಿಕೇಟಲ್ಲಿ ನಾಯ್ಕ ಅಂತಿದೆ, ಆಧಾರ್‌ನಲ್ಲಿ ನಾಯಕ ಅಂತ ಹಾಕಿದ್ದಾರೆ. ಇದಕ್ಕೂ ತಕರಾರು ಬರುತ್ತದಾ?

ವಾಟ್ಸಾಪಲ್ಲಿ ಒಬ್ಬ "90 ಗಂಟೆ ಕೊಡಿಸುತ್ತೇನೆ, ಬರುವುದೇ ಬೇಡ" ಅಂತ ಮೆಸೇಜ್ ಹಾಕಿದ್ದಾನೆ. ಸುಳ್ಳು ಹೇಳುವುದಿಲ್ಲ, ಮನಸ್ಸು ಒಂದು ಗಳಿಗೆ ಅತ್ತ ಹೋಯಿತು.

ಬಂಗಡೆ_ಫ್ರೈ (ಅಂಕೋಲಾ)
ಆ ಗಳಿಗೆ ಮುಗಿಯಿತಾ ಅಕ್ಕಾ? ಮುಗಿದಿದ್ದರೆ ನಂಬರ್ ಬ್ಲಾಕ್ ಮಾಡಿ.

ದೇವಿಮನೆ_ಘಟ್ಟ (ಶಿರಸಿ)
ತಂಗಿ, ಮೊದಲು ಒಂದು ಲೋಟ ನೀರು ಕುಡಿ. ನಾನು ಸರ್ಕಾರಿ ಸೇವೆಯಲ್ಲಿ ನರ್ಸಿಂಗ್ ಆಫೀಸರ್, ಈ ಕಾಗದದ ಕೆಲಸ ನನಗೂ ನನ್ನ ಜೊತೆಯವರಿಗೂ ಮಾಡಿ ಮಾಡಿ ಅಭ್ಯಾಸ ಆಗಿದೆ.

150 ಅಂದರೆ ಬೆಟ್ಟ ಅನ್ನಿಸುತ್ತದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕ ವರ್ಷಕ್ಕೆ 30 ಅಂತ. ತಿಂಗಳಿಗೆ ಎರಡೂವರೆ ಗಂಟೆ. ನಾವು ಮಾಡುವ ತಪ್ಪು ಒಂದೇ, ನಾಲ್ಕು ವರ್ಷ ಮಲಗಿ ಐದನೇ ವರ್ಷ ಎದ್ದು ಓಡುವುದು. ನಾನೂ ಒಮ್ಮೆ ಓಡಿದವಳೇ.

ನಿನ್ನ 62 ನಿಜವಾಗಿಯೂ 62 ಏನಾ ಅಂತ ಇನ್ನೊಮ್ಮೆ ನೋಡು. ಅನೇಕರು ಕೆಲಸ ಮಾಡುವಲ್ಲಿ ಆದ ತರಬೇತಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಯೋಮೆಡಿಕಲ್ ವೇಸ್ಟ್, ಇನ್‌ಫೆಕ್ಷನ್ ಕಂಟ್ರೋಲ್, ನವಜಾತ ಶಿಶು ಆರೈಕೆ, ಬಿಎಲ್‌ಎಸ್, ಏನೇ ಇರಲಿ ಹೊರಗೆ ತೆಗೆ. ಸರ್ಟಿಫಿಕೇಟಿನ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್ ಕೊಟ್ಟ ಕ್ರೆಡಿಟ್ ಗಂಟೆ ಮತ್ತು ಅನುಮತಿ ಸಂಖ್ಯೆ ಇದ್ದರೆ ಅದನ್ನು ಒಂದು ಗುಂಪು ಮಾಡು. ಇಲ್ಲದ್ದು ಇನ್ನೊಂದು ಗುಂಪು. ಎರಡನೇ ಗುಂಪಿನ ಪಟ್ಟಿ ಮಾಡಿ ಕೌನ್ಸಿಲ್‌ಗೆ ಮೇಲ್ ಹಾಕಿ ಕೇಳು. ಫೋನಲ್ಲಿ ಯಾರೋ "ನಡೀತದೆ ನಡೀತದೆ" ಅಂದಿದ್ದನ್ನು ನಂಬಬೇಡ. ಬರವಣಿಗೆಯಲ್ಲಿ ಇರಲಿ.

ನಾಯ್ಕ ನಾಯಕ ವಿಷಯಕ್ಕೆ ಇವತ್ತೇ ಕೈ ಹಾಕು. ಅದು ಗಂಟೆಗಿಂತ ಹೆಚ್ಚು ದಿನ ತಿನ್ನುತ್ತದೆ.

ಬ್ರದರ್_ಕುಮಟಾ
ಎಲ್ಲರೂ ದಾರಿ ಹೇಳುತ್ತೀರಿ, ದಾರಿಯೇ ಸರಿ ಇಲ್ಲ ಅಂತ ಯಾರೂ ಹೇಳುವುದಿಲ್ಲ.

ಡಾಕ್ಟರುಗಳಿಗೆ 5 ವರ್ಷಕ್ಕೆ 30 ಕ್ರೆಡಿಟ್ ಗಂಟೆ. ನಮಗೆ 5 ವರ್ಷಕ್ಕೆ 150. ಐದು ಪಟ್ಟು! ಸಂಬಳ ಎಷ್ಟನೇ ಒಂದು ಪಾಲು ಅಂತ ನಾನು ಹೇಳಬೇಕಾ? ಹೋಗಲಿ, ಅವರ ಸಮ್ಮೇಳನಕ್ಕೆ ಹೋಟೆಲು, ಬ್ಯಾಗು, ಎಲ್ಲ ಇರುತ್ತದೆ. ನಮ್ಮದು ಸ್ವಂತ ದುಡ್ಡು, ಸ್ವಂತ ರಜೆ, ನೈಟ್ ಮುಗಿಸಿ ಬಸ್ಸಲ್ಲಿ ತೂಕಡಿಸಿಕೊಂಡು ಹೋಗುವುದು.

ಇನ್ನು ಅಲ್ಲಿ ಕಲಿಯುವುದೇನು? ದೀಪ ಬೆಳಗಿಸುವುದು ಅರ್ಧ ಗಂಟೆ. ಸ್ವಾಗತ, ಹಾರ, ಶಾಲು ಮುಕ್ಕಾಲು ಗಂಟೆ. ಆಮೇಲೆ ಒಬ್ಬರು ಸ್ಲೈಡ್ ಓದುತ್ತಾರೆ. ಊಟ. ಊಟದ ಮೇಲೆ ಹಾಲ್ ಅರ್ಧ ಖಾಲಿ. ಸಂಜೆ ಸರ್ಟಿಫಿಕೇಟು ಹಂಚುವಾಗ ಮತ್ತೆ ಹೌಸ್‌ಫುಲ್.

ಬಂಗಡೆ_ಫ್ರೈ
ಹೋಳಿಗೆ ಇತ್ತಾ?

ಬ್ರದರ್_ಕುಮಟಾ
ಜಿಲೇಬಿ.

ಅಪ್ಪೆಮಿಡಿ (ಸಿದ್ದಾಪುರ)
ನಾನು ನರ್ಸಿಂಗ್ ಪಾಠ ಮಾಡುವವಳು, ಅಂಥ ಎರಡು ಮೂರು ಕಾರ್ಯಕ್ರಮ ನಡೆಸಿದ ಪಾಪ ನನಗೂ ಇದೆ. ಬ್ರದರ್ ಹೇಳಿದ ಜಿಲೇಬಿಯ ಮಾತು ಸುಳ್ಳಲ್ಲ. ಆದರೆ ಎಲ್ಲಕ್ಕೂ ಒಂದೇ ಸೀಲು ಹೊಡೆಯಬೇಡಿ ಮಾರಾಯರೆ.

ನಮ್ಮ ತಾಲ್ಲೂಕಿನ ಕಥೆ ಹೇಳುತ್ತೇನೆ. ಮಂಗನ ಕಾಯಿಲೆ ಇಲ್ಲಿ ಪುಸ್ತಕದ ವಿಷಯ ಅಲ್ಲ. ಬೇಸಿಗೆ ಬಂತು ಅಂದರೆ ಕಾಡಿಗೆ ದರಕು ತರಲು ಹೋದವರಿಗೆ ಉಣುಗು ಕಚ್ಚುತ್ತದೆ, ವಾರದೊಳಗೆ ಜ್ವರ. ವೈರಸ್ಸು ಗೊತ್ತಾಗಿದ್ದು 1957ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ. ಆದರೂ ಹೊರಗಿನಿಂದ ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರಿಗೆ ಅದರ ಹೆಸರೂ ಗೊತ್ತಿರುವುದಿಲ್ಲ. ಒಮ್ಮೆ ಒಂದು ದಿನದ ಸಿಎನ್‌ಇ ಇಟ್ಟೆವು. ದೀಪ ಇಲ್ಲ, ಶಾಲು ಇಲ್ಲ. ಉಣುಗು ಹೇಗೆ ತೆಗೆಯಬೇಕು, ರಕ್ತದ ಮಾದರಿ ಹೇಗೆ ಕಳಿಸಬೇಕು, ಜ್ವರ ಬಿಟ್ಟು ಮತ್ತೆ ಬಂದಾಗ ಏನು ನೋಡಬೇಕು, ಇಷ್ಟೇ. ಮುಂದಿನ ಬೇಸಿಗೆಯಲ್ಲಿ ಒಬ್ಬಳು ಫೋನ್ ಮಾಡಿದಳು: "ಮೇಡಂ, ಟೈಫಾಯ್ಡ್ ಅಂತ ಬರೆದಿದ್ದರು. ಕಾಡಿಗೆ ಹೋಗಿದ್ರಾ ಅಂತ ನಾನೇ ಕೇಳಿದೆ. ಹೌದು ಅಂದರು." ಆ ಒಂದು ಪ್ರಶ್ನೆಗೆ ಎಷ್ಟು ಕ್ರೆಡಿಟ್ ಕೊಡುತ್ತೀರಿ?

ಬ್ರದರ್_ಕುಮಟಾ
ಅಂಥದ್ದು ವರ್ಷಕ್ಕೆ ನಾಲ್ಕು ನಮ್ಮ ಜಿಲ್ಲೆಯಲ್ಲೇ ಇಡಿ, ನಾನೇ ಮುಂದಿನ ಸಾಲಿನಲ್ಲಿ ಕೂತುಕೊಳ್ಳುತ್ತೇನೆ. ನನ್ನ ಜಗಳ ಕಲಿಯುವುದರ ಮೇಲೆ ಅಲ್ಲ ಮೇಡಂ.

ಮಡಗಾಂವ್_ಪ್ಯಾಸೆಂಜರ್
ನಾನು ಸದಾಶಿವಗಡದವನು, ಕೆಲಸ ಗೋವಾದಲ್ಲಿ. ನಮ್ಮ ಕಡೆಯ ಎಷ್ಟೋ ಜನ ಹಾಗೇ ಅಲ್ವಾ. ಅವರಿಗಾಗಿ ಒಂದು ಮಾತು.

ಕರ್ನಾಟಕದ ರಿಜಿಸ್ಟ್ರೇಷನ್ ಇಟ್ಟುಕೊಂಡು ಗೋವಾದಲ್ಲಿ ಸುಮ್ನೆ ಕೆಲಸಕ್ಕೆ ಸೇರುವ ಹಾಗಿಲ್ಲ. ಅಲ್ಲಿಯದು ಬೇರೆ ಕೌನ್ಸಿಲ್. ಇಲ್ಲಿಂದ ಎನ್‌ಒಸಿ ತೆಗೆದುಕೊಂಡು ಅಲ್ಲಿ ರೆಸಿಪ್ರೋಕಲ್ ರಿಜಿಸ್ಟ್ರೇಷನ್ ಮಾಡಿಸಬೇಕು. ಇಲ್ಲಿಯದು ಅವಧಿ ಮುಗಿದು ಕೂತಿದ್ದರೆ ಎನ್‌ಒಸಿ ಅಲ್ಲೇ ನಿಲ್ಲುತ್ತದೆ. ನನಗೆ ಆಗಿದ್ದೇ ಅದು. ಕೆಲಸ ಸಿಕ್ಕಿತ್ತು, ಸೇರುವ ದಿನ ಗೊತ್ತಾಗಿತ್ತು, ರಿನ್ಯೂವಲ್ ಆಗದೆ ಎರಡೂವರೆ ತಿಂಗಳು ಮನೆಯಲ್ಲಿ ಕೂತೆ. ಆ ಎರಡೂವರೆ ತಿಂಗಳ ಸಂಬಳದಲ್ಲಿ ಎಷ್ಟು ಕಾರ್ಯಾಗಾರ ಆಗುತ್ತಿತ್ತು ಲೆಕ್ಕ ಹಾಕಿ.

ಬಂಗಡೆ_ಫ್ರೈ
ಹಳೇ ಕಾಳಿ ಸೇತುವೆ ಬಿದ್ದಾಗ ನೀವು ಯಾವ ಕಡೆ ಇದ್ರಿ?

ಮಡಗಾಂವ್_ಪ್ಯಾಸೆಂಜರ್
2024ರ ಆಗಸ್ಟ್ 7, ನಡುರಾತ್ರಿ ದಾಟಿದ ಮೇಲೆ ಬಿದ್ದಿದ್ದು. ಸಂಜೆ ಅದರ ಮೇಲೇ ಬಂದಿದ್ದೆ. ಅವ್ವ ಬೆಳಗ್ಗೆ ಎದ್ದು ದೇವರಿಗೆ ಹೂವು ಹಾಕಿದಳು. ನಾನು ಶಿಫ್ಟ್ ಸಿಗುತ್ತದಾ ಇಲ್ಲವಾ ಅಂತ ನೋಡುತ್ತಿದ್ದೆ. ನರ್ಸಿನ ತಲೆ ಹಾಗೇ ಓಡುವುದು.

ಮಾಡರೇಟರ್
ಸೇತುವೆಗೆ ಬೇರೆ ಚರ್ಚೆ ಇದೆ. ಇಲ್ಲಿ ರಿನ್ಯೂವಲ್.

ನಿವೃತ್ತ_ಬಾಯಿ (ಯಲ್ಲಾಪುರ)
ಮಕ್ಕಳೇ, ನಾನು ಎಎನ್‌ಎಂ ಆಗಿ ನಿವೃತ್ತಿ ಆದವಳು. ಊರಲ್ಲಿ ನರ್ಸಬಾಯಿ ಅಂದರೇ ಗೊತ್ತು, ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಒಮ್ಮೆ ರಿಜಿಸ್ಟರ್ ಆದರೆ ಮುಗಿಯಿತು. ಈ ಗಂಟೆ ಪಂಟೆ ಇರಲಿಲ್ಲ. ಕಲಿತದ್ದು ಹಳೇ ಬಾಯಿಯೋರ ಕೈ ನೋಡಿ, ಮತ್ತೆ ಬೈಸಿಕೊಂಡು.

ಆದರೆ ಒಂದು ತರಬೇತಿ ಮಾತ್ರ ನಾನು ಮರೆಯುವುದಿಲ್ಲ. ಸರ್ವಿಸು ಮುಗಿಯಲು ಕೆಲವೇ ವರ್ಷ ಇದ್ದಾಗ ನವಜಾತ ಶಿಶು ಸುರಕ್ಷಾ ಅಂತ ಎರಡು ದಿನ ಕರೆದರು. ಈ ವಯಸ್ಸಿಗೆ ನನಗೇನು ಕಲಿಸುತ್ತಾರೆ ಅಂತ ಗೊಣಗಿಕೊಂಡೇ ಹೋದೆ. ಗೊಂಬೆ ಕೊಟ್ಟು ಬ್ಯಾಗು ಮಾಸ್ಕು ಹಿಡಿಸಿದರು. ಮೊದಲ ಒಂದು ನಿಮಿಷವೇ ಚಿನ್ನ ಅಂತ ಹೇಳಿದರು. ನಾವು ಹಿಂದೆ ಮಾಡುತ್ತಿದ್ದದ್ದು ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ತಟ್ಟುವುದು. ಅದು ತಪ್ಪು ಅಂತ ಆವತ್ತು ಗೊತ್ತಾಯಿತು. ನಾಚಿಕೆ ಆಯಿತು.

ಆ ಮಳೆಗಾಲದಲ್ಲೇ ಒಂದು ರಾತ್ರಿ, ದೂರದ ಕೇರಿಯಿಂದ ಹೆರಿಗೆ ನೋವಿನ ಹುಡುಗಿಯನ್ನು ಜೀಪಲ್ಲಿ ಕರೆದುಕೊಂಡು ಹೊರಟೆವು. ದಾರಿಗೆ ಮರ ಬಿದ್ದಿತ್ತು. ಜೀಪಲ್ಲೇ ಹೆರಿಗೆ ಆಯಿತು. ಮಗು ಅಳಲಿಲ್ಲ. ನೀಲಿ. ಒರೆಸಿದೆ, ಬಾಯಿ ಮೂಗು ಚೊಕ್ಕ ಮಾಡಿದೆ, ಬೆನ್ನು ಉಜ್ಜಿದೆ. ಇಲ್ಲ. ಗೊಂಬೆಗೆ ಹಾಕಿದ ಹಾಗೇ ಮಾಸ್ಕು ಇಟ್ಟು ಒತ್ತಿದೆ. ಬಾಯಲ್ಲಿ ಲೆಕ್ಕ ಹೇಳುತ್ತಿದ್ದೆ, ಡ್ರೈವರ್ ಮೊಬೈಲ್ ಬೆಳಕು ಹಿಡಿದಿದ್ದ, ಅವನ ಕೈ ನಡುಗುತ್ತಿತ್ತು. ಎದೆ ಏಳತೊಡಗಿತು. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ದನಿ.

ಆ ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಅವನ ಅಜ್ಜಿ ಪ್ರತಿ ವರ್ಷ ಹಲಸಿನ ಹಪ್ಪಳ ಕಳಿಸುತ್ತಾಳೆ. ಆ ಎರಡು ದಿನದ ಸರ್ಟಿಫಿಕೇಟು ಎಲ್ಲಿ ಹೋಯಿತೋ ಗೊತ್ತಿಲ್ಲ, ವರಲೆ ತಿಂದಿರಬೇಕು.

ಕಾಳಿನದಿ_ಸಿಸ್ಟರ್
ಬಾಯೋರೆ, ಡ್ಯೂಟಿ ರೂಮಲ್ಲಿ ಕೂತು ಓದಿದೆ. ಕಣ್ಣಲ್ಲಿ ನೀರು ಬಂತು.

ಬ್ರದರ್_ಕುಮಟಾ
ಇದಕ್ಕೆ ನಾನು ಎದುರು ಮಾತಾಡುವುದಿಲ್ಲ.

ಲೆಸ್ಟರ್_ಹೊನ್ನಾವರ
ತಡವಾಗಿ ಬಂದೆ, ನಾನು ಈಗ ಇಂಗ್ಲೆಂಡಿನಲ್ಲಿ. ಇಲ್ಲಿ ರಿವ್ಯಾಲಿಡೇಷನ್ ಅನ್ನುತ್ತಾರೆ, 2016ರಲ್ಲಿ ಶುರುವಾಗಿದ್ದು. 3 ವರ್ಷಕ್ಕೊಮ್ಮೆ. 450 ಗಂಟೆ ಕೆಲಸ ಮಾಡಿರಬೇಕು, 35 ಗಂಟೆ ಕಲಿಕೆ, ಅದರಲ್ಲಿ 20 ಗಂಟೆ ಬೇರೆಯವರ ಜೊತೆ ಸೇರಿ ಕಲಿತದ್ದಾಗಿರಬೇಕು. ಅಷ್ಟೇ ಅಲ್ಲ. ರೋಗಿಗಳು, ಜೊತೆಯವರು ಕೊಟ್ಟ ಅಭಿಪ್ರಾಯ 5. ನಾವೇ ಬರೆದ ಟಿಪ್ಪಣಿ 5: ಏನಾಯಿತು, ನಾನೇನು ಕಲಿತೆ, ಮುಂದೆ ಏನು ಬದಲು ಮಾಡುತ್ತೇನೆ. ಕೊನೆಗೆ ಇನ್ನೊಬ್ಬ ನರ್ಸಿನ ಜೊತೆ ಕೂತು ಅದರ ಬಗ್ಗೆ ಮಾತಾಡಬೇಕು.

ಮೊದಲ ಸಲ ಬರೆಯಲು ಕೂತಾಗ ಗಂಟೆಗಿಂತ ಆ ಐದು ಟಿಪ್ಪಣಿಯೇ ಕಷ್ಟ ಆಯಿತು. "ನಾನು ತಪ್ಪು ಮಾಡಿದೆ" ಅಂತ ಬರೆಯಲು ನಮಗೆ ಅಭ್ಯಾಸ ಎಲ್ಲಿ? ಊರಲ್ಲಿ ಹಾಗೆ ಬರೆದರೆ ಮರುದಿನ ಮೆಮೊ ಬರುತ್ತಿತ್ತು.

ಬಾಯೋರು ಜೀಪಿನ ಕಥೆ ಬರೆದರಲ್ಲ, ತಲೆಕೆಳಗೆ ಮಾಡುತ್ತಿದ್ದೆವು, ತಪ್ಪು ಅಂತ ಗೊತ್ತಾಯಿತು ಅಂತ. ಇಲ್ಲಿ ಕೇಳುವ ಟಿಪ್ಪಣಿ ಅಂದರೆ ಸರಿಯಾಗಿ ಅದೇ.

ನಿವೃತ್ತ_ಬಾಯಿ
ಹಾಗಾದರೆ ನಾನು ಇಂಗ್ಲೆಂಡಿಗೂ ಪಾಸು.

ಸ್ಯಾಕ್ರಮೆಂಟೊ_ಭಟ್ಕಳ
ಅಮೆರಿಕದಲ್ಲಿ ರಾಜ್ಯಕ್ಕೊಂದು ಬೋರ್ಡ್, ರಾಜ್ಯಕ್ಕೊಂದು ಕಾನೂನು. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ 2 ವರ್ಷಕ್ಕೆ 30 ಗಂಟೆ. ಟೆಕ್ಸಾಸಿನಲ್ಲಿ 2 ವರ್ಷಕ್ಕೆ 20. ವಿಸ್ಕಾನ್ಸಿನ್, ಕೊಲರಾಡೊದಲ್ಲಿ ಗಂಟೆಯ ಲೆಕ್ಕವೇ ಕೇಳುವುದಿಲ್ಲ. ನಮ್ಮಲ್ಲಿ ಅರ್ಜಿ ಹಾಕುವಾಗ ಸರ್ಟಿಫಿಕೇಟು ಕಳಿಸುವುದಿಲ್ಲ, "ಮಾಡಿದ್ದೇನೆ" ಅಂತ ಘೋಷಣೆ ಕೊಟ್ಟರೆ ಸಾಕು. ಆದರೆ ಕಾಗದ 4 ವರ್ಷ ಇಟ್ಟುಕೊಂಡಿರಬೇಕು. ಆಡಿಟ್‌ಗೆ ಹೆಸರು ಬಂದರೆ ತೋರಿಸಬೇಕು. ಸುಳ್ಳು ಘೋಷಣೆ ಕೊಟ್ಟಿದ್ದು ಗೊತ್ತಾದರೆ ಲೈಸೆನ್ಸಿಗೇ ಸಂಚಕಾರ.

ಹೆಚ್ಚಿನದೆಲ್ಲ ಮನೆಯಲ್ಲಿ ಕೂತು ಆನ್‌ಲೈನಲ್ಲೇ ಆಗುತ್ತದೆ. ನಾನು ಮಗಳ ಈಜಿನ ಕ್ಲಾಸಿನ ಹೊರಗೆ ಕಾರಲ್ಲಿ ಕೂತು ಅರ್ಧ ಮುಗಿಸಿದ್ದೇನೆ.

ಬ್ರದರ್_ಕುಮಟಾ
ತಡೀರಿ, ಲೆಕ್ಕ ಹಾಕುತ್ತೇನೆ. ಕ್ಯಾಲಿಫೋರ್ನಿಯಾ ವರ್ಷಕ್ಕೆ 15. ಇಂಗ್ಲೆಂಡು ವರ್ಷಕ್ಕೆ ಹನ್ನೊಂದು ಚಿಲ್ಲರೆ. ನನ್ನ ಕ್ಲಾಸ್‌ಮೇಟ್ ಆಸ್ಟ್ರೇಲಿಯಾದಲ್ಲಿದ್ದಾನೆ, ಅಲ್ಲಿ ವರ್ಷಕ್ಕೆ 20. ನಮ್ಮದು 30! ಕಾಗದದ ಮೇಲೆ ಜಗತ್ತಿಗೇ ನಾವು ಮೇಷ್ಟ್ರು.

ದೇವಿಮನೆ_ಘಟ್ಟ
ತಮಾ, ಗಂಟೆ ಗಂಟೆಗೆ ಹೋಲಿಸಬೇಡ. ಇಂಗ್ಲೆಂಡಿನ 35ರ ಹಿಂದೆ 450 ಗಂಟೆ ಕೆಲಸ, ಟಿಪ್ಪಣಿ, ಮಾತುಕತೆ ಎಲ್ಲ ಇದೆ ಅಂತ ಅವರೇ ಹೇಳಿದರಲ್ಲ. ನಮ್ಮಲ್ಲಿ ಬೇರೆ ಏನೂ ಕೇಳುವುದಿಲ್ಲ, ಗಂಟೆ ಒಂದನ್ನೇ ಕೇಳುತ್ತಾರೆ. ಅದಕ್ಕೇ ಗಂಟೆ ಮಾರುವವರು ಹುಟ್ಟಿಕೊಂಡಿದ್ದು.

ಬ್ರದರ್_ಕುಮಟಾ
ಹಾಗೆ ಹೇಳಿದರೆ ಒಪ್ಪುತ್ತೇನೆ. ಪೂರ್ತಿ ಅಲ್ಲ. ಮುಕ್ಕಾಲು.

ಜೋಯಿಡಾ_ನೆಟ್‌ವರ್ಕ್_ಇಲ್ಲ
ಆನ್‌ಲೈನ್ ಆನ್‌ಲೈನ್ ಅನ್ನುವವರೆಲ್ಲ ಒಮ್ಮೆ ನಮ್ಮಲ್ಲಿ ಬನ್ನಿ. ನಾನು ಸಿಎಚ್‌ಓ (ಸಮುದಾಯ ಆರೋಗ್ಯ ಅಧಿಕಾರಿ), ಗುತ್ತಿಗೆ ನೌಕರಿ. ವೆಬಿನಾರ್ ಅಂದರೆ ನನಗೆ ಗುಡ್ಡ. ಸೆಂಟರಿನಿಂದ ಅರ್ಧ ಕಿಲೋಮೀಟರ್ ಮೇಲೆ ಒಂದು ಬಂಡೆ ಇದೆ, ಅಲ್ಲಿ ಎರಡು ಕಡ್ಡಿ ಸಿಗ್ನಲ್. ಕರೆಂಟು ಹೋದರೆ ಟವರೂ ಹೋಯಿತು.

ನನ್ನ ಎನ್‌ಯುಐಡಿ (ನರ್ಸಿನ ಗುರುತಿನ ಸಂಖ್ಯೆ) ಕೆಲಸದ ದಿನ ಓಟಿಪಿ ಬಂದಿದ್ದು ಹದಿನಾಲ್ಕು ನಿಮಿಷ ಬಿಟ್ಟು. ಅಷ್ಟರಲ್ಲಿ ಪೇಜು ಸತ್ತಿತ್ತು. ನಾಲ್ಕನೇ ಸಲಕ್ಕೆ ಆಯಿತು. ಕಾಲಿಗೆ ಅಷ್ಟರಲ್ಲಿ ಮೂರು ಉಂಬಳ.

ಹೊಸಬಳು_ಮುಂಡಗೋಡ
ಎನ್‌ಯುಐಡಿ ಇದ್ದರೆ ರಿನ್ಯೂವಲ್ ಬೇಡ ಅಂತ ನಮ್ಮ ಸೀನಿಯರ್ ಹೇಳಿದ್ದರು. ಅದು ಆಧಾರ್ ಥರ ಅಲ್ವಾ, ಒಂದೇ ಸಲ?

ದೇವಿಮನೆ_ಘಟ್ಟ
ಇದನ್ನು ಎಲ್ಲರೂ ಓದಿ, ಎಷ್ಟು ಜನ ಇದರಲ್ಲೇ ಎಡವುತ್ತಾರೋ.

ಎನ್‌ಯುಐಡಿ ಅಂದರೆ ದೇಶದ ಮಟ್ಟದ ಗುರುತಿನ ಸಂಖ್ಯೆ. ಇಂಡಿಯನ್ ನರ್ಸಿಂಗ್ ಕೌನ್ಸಿಲಿನ ಎನ್‌ಆರ್‌ಟಿಎಸ್ ಅನ್ನುವ ಆನ್‌ಲೈನ್ ರಿಜಿಸ್ಟರಿನಲ್ಲಿ ಸಿಗುವುದು. ಅದು ಬದಲಾಗುವುದಿಲ್ಲ, ಅಲ್ಲಿಯವರೆಗೆ ನಿನ್ನ ಸೀನಿಯರ್ ಹೇಳಿದ್ದು ಸರಿ. ಆದರೆ ಕೆಲಸ ಮಾಡಲು ಹಕ್ಕು ಕೊಡುವುದು ರಾಜ್ಯದ ರಿಜಿಸ್ಟ್ರೇಷನ್. ಅದು ಕರ್ನಾಟಕದ 1961ರ ಕಾಯ್ದೆಯ ಕೆಳಗೆ ರಾಜ್ಯ ಕೌನ್ಸಿಲ್ ಕೊಡುವುದು, ಅದಕ್ಕೆ ಅವಧಿ ಇದೆ. ನಂಬರ್ ಇದೆ ಅಂತ ರಿನ್ಯೂವಲ್ ಬಿಟ್ಟರೆ, ಆಧಾರ್ ಇದೆ ಅಂತ ಡ್ರೈವಿಂಗ್ ಲೈಸೆನ್ಸ್ ಬಿಟ್ಟ ಹಾಗೆ.

ಇನ್ನೊಂದು. ಜಿಎನ್‌ಎಂ ಆದ ಮೇಲೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದವರು ಆ ಹೆಚ್ಚಿನ ವಿದ್ಯಾರ್ಹತೆಯನ್ನೂ ಕೌನ್ಸಿಲಿನಲ್ಲಿ ಸೇರಿಸಿಕೊಳ್ಳಬೇಕು. ತಾನೇ ಸೇರುವುದಿಲ್ಲ.

ಹೊಸಬಳು_ಮುಂಡಗೋಡ
ಅಯ್ಯೋ ದೇವರೇ. ಥ್ಯಾಂಕ್ಸ್ ಅಕ್ಕಾ.

ಮಡಗಾಂವ್_ಪ್ಯಾಸೆಂಜರ್
ಹೊಸ ಕಾಯ್ದೆ ಬಂದಿದೆಯಲ್ಲ, ಇದೆಲ್ಲ ಬದಲಾಗುತ್ತದೆ ಅಂತಾರೆ?

ಅಪ್ಪೆಮಿಡಿ
2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಮಾಡಿತು. 1947ರ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ಅದು ಬರಬೇಕಾದದ್ದು. ದೇಶಕ್ಕೆ ಒಂದು ಆಯೋಗ, ರಾಜ್ಯಗಳಿಗೆ ರಾಜ್ಯ ಆಯೋಗ. ಆದರೆ ಅದನ್ನು ಕಾಯುತ್ತಾ ಕೂತು ಯಾರೂ ಈ ಸಲದ ರಿನ್ಯೂವಲ್ ಬಿಡಬೇಡಿ. ಕಾಯ್ದೆ ಬದಲಾದರೂ ನಿಮ್ಮ ಅವಧಿ ಮುಗಿಯುವ ದಿನಾಂಕ ಬದಲಾಗುವುದಿಲ್ಲ.

ಕದ್ರಾ_ಡ್ಯಾಂ
ನಾನು ನರ್ಸ್ ಅಲ್ಲ, ನರ್ಸಿನ ಗಂಡ. ನಮ್ಮ ಮನೆಯ ಅನುಭವ ಹೇಳಬಹುದಾ?

ಇವಳ ಹೆಸರಿನ ಹಿಂದೆ ಮದುವೆಗೆ ಮುಂಚೆ ಅಪ್ಪನ ಹೆಸರು. ಆಮೇಲೆ ಆಧಾರ್‌ನಲ್ಲಿ ನನ್ನ ಹೆಸರು. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ಲೇ ಇಲ್ಲ. ಮೂರು ಕಾಗದ, ಮೂರು ಹೆಂಗಸರು. ಆನ್‌ಲೈನ್ ಅರ್ಜಿ ಹೊಂದಿಕೆ ಆಗುವುದಿಲ್ಲ ಅಂತ ವಾಪಸ್. ನಾವು ಮಾಡಿದ್ದು ಇಷ್ಟು: ರಿಜಿಸ್ಟ್ರೇಷನ್ ಸರ್ಟಿಫಿಕೇಟು ಮುಟ್ಟಲಿಲ್ಲ, ಅದರಲ್ಲಿ ಇದ್ದ ಹಾಗೆ ಆಧಾರ್ ಅನ್ನೇ ತಿದ್ದಿಸಿದೆವು. ಅದು ಸುಲಭ. ಸರ್ಟಿಫಿಕೇಟಿನಲ್ಲಿ ಹೆಸರು ಬದಲು ಮಾಡಬೇಕು ಅಂದರೆ ಅಫಿಡವಿಟ್ಟು, ಗೆಜೆಟ್ಟು, ಮತ್ತೆ ಅಲೆದಾಟ. ಆಧಾರ್‌ನಲ್ಲಿ ಹೆಸರು ತಿದ್ದಲು ಎರಡೇ ಸಲ ಅವಕಾಶ, ಆದ್ದರಿಂದ ಸೆಂಟರಿನವರು ಟೈಪ್ ಮಾಡಿದ ಸ್ಪೆಲಿಂಗನ್ನು ಕಣ್ಣು ಬಿಟ್ಟು ನೋಡಿ ಸಹಿ ಹಾಕಿ.

ಮೊಬೈಲ್ ನಂಬರೂ ನೋಡಿ. ಇವಳ ಆಧಾರ್‌ಗೆ ಜೋಡಿಸಿದ್ದು ಭಾವನ ಹಳೇ ನಂಬರ್. ಅವನು ಮುಂಬೈಯಲ್ಲಿ. ಪ್ರತಿ ಓಟಿಪಿಗೂ ಅವನಿಗೆ ಫೋನ್. ಅವನು ಮೀಟಿಂಗಲ್ಲಿ.

ಕಾಳಿನದಿ_ಸಿಸ್ಟರ್
ನನ್ನ ಸಮಸ್ಯೆಗೆ ಸರಿಯಾದ ಉತ್ತರ. ಆಧಾರ್ ತಿದ್ದಿಸುತ್ತೇನೆ. ನಮ್ಮ ಅಪ್ಪ ಕೇಳಿದರೆ ಮಾತ್ರ ಒಂದು ತಾಸು ಭಾಷಣ, ನಾಯ್ಕ ನಾಯಕ ಅಂದರೆ ಒಂದೇನಾ ಅಂತ.

ಬಂಗಡೆ_ಫ್ರೈ
ಅಂಕೋಲಾದಲ್ಲಿ ಈ ವಿಷಯ ಎತ್ತಿದರೆ ಸಂಜೆಯವರೆಗೆ ಚಾ ಅಂಗಡಿಯಿಂದ ಏಳಲಿಕ್ಕಿಲ್ಲ.

ಲ್ಯಾಮಿನೇಷನ್_ಸಂತ್ರಸ್ತೆ
ಯಾರೂ ಮೂಲ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಬೇಡಿ!! ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ ಅಂತ ನಾನು ಎಲ್ಲಕ್ಕೂ ಹೊಡೆಸಿದೆ. ಸೀಲು ಎಲ್ಲಿ ಹಾಕಲಿ ಅಂತ ಕೌಂಟರಲ್ಲಿ ಬೈಸಿಕೊಂಡೆ. ಪ್ಲಾಸ್ಟಿಕ್ ಫೈಲಲ್ಲಿ ಹಾಕಿ, ಜೊತೆಗೆ ನಾಲ್ಕು ಕಾಳು ಮೆಣಸು ಅಥವಾ ಬೇವಿನ ಎಲೆ. ಫೋಟೊ ತೆಗೆದು ಮೇಲ್‌ನಲ್ಲೂ ಇಡಿ.

ದೇವಿಮನೆ_ಘಟ್ಟ
ಫೋಟೊ ಅಂದಿದ್ದು ಸರಿ. ನನ್ನದು ಒಂದು ನೋಟ್‌ಬುಕ್ ಇದೆ: ತಾರೀಖು, ವಿಷಯ, ಯಾರು ನಡೆಸಿದರು, ಎಷ್ಟು ಗಂಟೆ, ಅನುಮತಿ ಸಂಖ್ಯೆ. ಮನೆಗೆ ಬಂದ ದಿನವೇ ಬರೆಯುತ್ತೇನೆ, ಬಟ್ಟೆ ಬದಲಿಸುವುದೂ ಆಮೇಲೆ.

ಬ್ರದರ್_ಕುಮಟಾ
ಮೂಲ ಪ್ರಶ್ನೆಗೆ ಬರೋಣ. 88 ಗಂಟೆ. ಅಕ್ಕಾ, ಆ ವಾಟ್ಸಾಪ್ ಮನುಷ್ಯ ಎಷ್ಟು ಕೇಳಿದ?

ಕಾಳಿನದಿ_ಸಿಸ್ಟರ್
ಕಾರ್ಯಾಗಾರಕ್ಕೆ ಹೋಗಿ ಬರುವ ಬಸ್ ಚಾರ್ಜಿಗಿಂತ ಕಡಿಮೆ. ಅದೇ ಬೇಜಾರು.

ಬ್ರದರ್_ಕುಮಟಾ
ನಾನು ಇಷ್ಟೊತ್ತು ವ್ಯವಸ್ಥೆಗೆ ಬೈದವನು, ಆದರೂ ಹೇಳುತ್ತೇನೆ, ಮಾಡಬೇಡಿ. ನಮ್ಮಲ್ಲಿ ಒಬ್ಬ ಹಾಗೇ ತೆಗೆದುಕೊಂಡ. ಒಂದೇ ತಾರೀಖಿನಲ್ಲಿ ಎರಡು ಊರಿನ ಸರ್ಟಿಫಿಕೇಟು! ಆ ದಿನ ಆಸ್ಪತ್ರೆ ಹಾಜರಿಯಲ್ಲೂ ಅವನ ಸಹಿ ಇತ್ತು. ಗಲ್ಫಿಗೆ ಅರ್ಜಿ ಹಾಕಿದಾಗ ಪ್ರತಿ ಕಾಗದವನ್ನೂ ಕೊಟ್ಟವರ ಹತ್ತಿರವೇ ಕೇಳಿ ಪರೀಕ್ಷೆ ಮಾಡುತ್ತಾರಲ್ಲ, ಆಗ ಭಯ ಹತ್ತಿ ಅರ್ಜಿಯನ್ನೇ ವಾಪಸ್ ತೆಗೆದುಕೊಂಡ. ಈಗಲೂ ಇಲ್ಲೇ ಇದ್ದಾನೆ.

ಅಪ್ಪೆಮಿಡಿ
88ಕ್ಕೆ ನನ್ನ ಲೆಕ್ಕ ಹೀಗೆ. ಎರಡು ದಿನದ ಕಾರ್ಯಾಗಾರ ಒಂದಕ್ಕೆ ಸಾಮಾನ್ಯವಾಗಿ ಹನ್ನೆರಡರ ಆಸುಪಾಸು ಸಿಗುತ್ತದೆ. ತಿಂಗಳಿಗೆ ಒಂದು ಅಂದರೂ ನಾಲ್ಕು ತಿಂಗಳಿಗೆ 48. ಉಳಿದ 40ಕ್ಕೆ ಕೌನ್ಸಿಲ್ ಮನ್ನಣೆ ಇರುವ ಆನ್‌ಲೈನ್ ಕಾರ್ಯಕ್ರಮ, ಮತ್ತೆ ಹತ್ತಿರದ ಒಂದು ದಿನದ್ದು. ಹುಬ್ಬಳ್ಳಿಯನ್ನು ಮರೆಯಬೇಡಿ, ಶಿರಸಿಯಿಂದ ನೂರು ಕಿಲೋಮೀಟರ್, ಬೆಳಗ್ಗೆ ಹೋಗಿ ರಾತ್ರಿ ಬರಬಹುದು. ನರ್ಸುಗಳ ಸಂಘ ಟಿಎನ್‌ಎಐನವರೂ ಕಾರ್ಯಕ್ರಮ ಇಡುತ್ತಾರೆ. ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ನಮ್ಮ ರಾಜ್ಯ ಕೌನ್ಸಿಲಿನ ಕ್ರೆಡಿಟ್ ಎಷ್ಟು ಗಂಟೆ, ಪತ್ರ ತೋರಿಸಿ. ಪತ್ರ ತೋರಿಸದವರ ಹತ್ತಿರ ಜಿಲೇಬಿ ಮಾತ್ರ ಸಿಗುತ್ತದೆ.

ಅಷ್ಟಾದರೂ ಹತ್ತಿಪ್ಪತ್ತು ಕಡಿಮೆ ಬಿದ್ದರೆ ಅವಧಿ ಮುಗಿಯುವ ಮೊದಲೇ ಕೌನ್ಸಿಲ್‌ಗೆ ಬರೆದು ಕೇಳಿ. ತಡವಾದರೆ ದಂಡ ಕಟ್ಟುವುದು ಇದ್ದದ್ದೇ. ಸುಮ್ಮನೆ ಬಿಟ್ಟು ಅವಧಿ ಮೀರಿಸಿಕೊಳ್ಳಬೇಡಿ.

ಬಂಗಡೆ_ಫ್ರೈ
ಇಷ್ಟೆಲ್ಲ ಓಡಾಟ ಯಾಕೆ, ನಮ್ಮ ಜಿಲ್ಲೆಗೆ ಒಂದು ಸರಿಯಾದ ದೊಡ್ಡಾಸ್ಪತ್ರೆ ಕೊಟ್ಟರೆ ಕಾರ್ಯಾಗಾರ ಅಲ್ಲೇ ಆಗುತ್ತದೆ. 2022ರಲ್ಲಿ ಜಿಲ್ಲೆ ಪೂರ್ತಿ ಆಸ್ಪತ್ರೆ ಬೇಕು ಅಂತ ಕೂಗಿದ್ದು ನೆನಪಿದೆಯಾ? ಆಸ್ಪತ್ರೆ ಇಲ್ಲದಿದ್ದರೆ ಓಟೂ ಇಲ್ಲ ಅಂತ.

ಜೋಯಿಡಾ_ನೆಟ್‌ವರ್ಕ್_ಇಲ್ಲ
ಮೊದಲು ಟವರ್.

ಮಾಡರೇಟರ್
ಆಸ್ಪತ್ರೆಗೂ ಬೇರೆ ಚರ್ಚೆ ಇದೆ. ಟವರ್‌ಗೆ ಮೂರು ಇವೆ.

ದೇವಿಮನೆ_ಘಟ್ಟ
ರಜೆ ವಿಷಯ ಯಾರೂ ಹೇಳಲಿಲ್ಲ. ತಂಗಿ, ನಿಮ್ಮ ಮೇಡಂ ಹತ್ತಿರ ರಜೆ ಕೇಳಬೇಡ. "ನನ್ನ ರಿಜಿಸ್ಟ್ರೇಷನ್ ಇಂಥ ತಾರೀಖಿಗೆ ಮುಗಿಯುತ್ತದೆ, ಆಮೇಲೆ ನನ್ನನ್ನು ಡ್ಯೂಟಿಗೆ ಹಾಕಿದರೆ ಆಸ್ಪತ್ರೆಗೂ ತೊಂದರೆ" ಅಂತ ಬರೆದು ಕೊಡು. ರಜೆ ನಿನ್ನ ಅಗತ್ಯ. ರಿಜಿಸ್ಟ್ರೇಷನ್ ಇರುವ ನರ್ಸ್ ಅವರ ಅಗತ್ಯ. ತಪಾಸಣೆಗೆ ಬಂದವರು ಮೊದಲು ಕೇಳುವುದು ಆ ಫೈಲನ್ನೇ.

ಕಾಳಿನದಿ_ಸಿಸ್ಟರ್
(ಎಂಟು ದಿನದ ನಂತರ)

ಎಲ್ಲರಿಗೂ ಸುದ್ದಿ ಹೇಳಬೇಕು ಅನ್ನಿಸಿತು.

ಕಪಾಟು ಮತ್ತೆ ಜಾಲಾಡಿದೆ. ಅತ್ತೆಯ ಪಂಚಾಂಗದೊಳಗೆ ಎರಡು ಸರ್ಟಿಫಿಕೇಟು ಸಿಕ್ಕಿತು, ಎರಡಕ್ಕೂ ಅನುಮತಿ ಸಂಖ್ಯೆ ಇದೆ, 14 ಗಂಟೆ. 76 ಆಯಿತು. ಒಂದು ಕಾರ್ಯಾಗಾರ ಮಾತ್ರ ಹೋಗಿದ್ದೇ ಹೋಗಿದ್ದು. 2024ರ ಜುಲೈಯಲ್ಲಿ ದುಡ್ಡು ಕಟ್ಟಿದ್ದೆ, ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಆ ವಾರ ಗಂಟೆಯ ಯೋಚನೆ ಯಾರಿಗಿತ್ತು.

ಮೇಡಂಗೆ ಬರೆದು ಕೊಟ್ಟೆ. ಓದಿದರು, ಕನ್ನಡಕ ತೆಗೆದರು, ಮತ್ತೆ ಓದಿದರು. "ನಂದೂ ಯಾವಾಗ ಮುಗಿಯುತ್ತದೆ ನೋಡಬೇಕು" ಅಂದರು! ಅವರದು ಒಂದು ವರ್ಷದ ಹಿಂದೆಯೇ ಮುಗಿದಿದೆ. ಈಗ ಇಬ್ಬರೂ ಸೇರಿ ಹುಬ್ಬಳ್ಳಿಯ ಎರಡು ದಿನದ ಕಾರ್ಯಾಗಾರಕ್ಕೆ ಹೆಸರು ಕೊಟ್ಟಿದ್ದೇವೆ. ಪತ್ರ ಕೇಳಿ ತರಿಸಿಕೊಂಡು ನೋಡಿದ ಮೇಲೆ.

ಆಧಾರ್ ಕೊಟ್ಟಾಯಿತು. ಅಪ್ಪನ ಭಾಷಣ ಒಂದು ತಾಸಲ್ಲ, ಎರಡು.

ಬಂಗಡೆ_ಫ್ರೈ
ಮೇಡಂ ಮುಖ ಈಗ ಯಾವ ಕಾಯಿ?

ಕಾಳಿನದಿ_ಸಿಸ್ಟರ್
ಸೌತೆಕಾಯಿ.

ಬ್ರದರ್_ಕುಮಟಾ
ಹುಬ್ಬಳ್ಳಿಯದಕ್ಕೆ ಜಾಗ ಇದ್ದರೆ ನನ್ನ ಹೆಸರೂ ಕೊಡಿ. ನನಗೆ ಇನ್ನೂ ಎರಡು ವರ್ಷ ಇದೆ. ನಗಬೇಡಿ.

ಅಪ್ಪೆಮಿಡಿ
ನಾನೂ ಅದೇ ಕಾರ್ಯಾಗಾರಕ್ಕೆ ಬರುತ್ತಿದ್ದೇನೆ. ಕಾರವಾರದಿಂದ ಬರುವವರು ಒಂದು ಕಿಲೋ ಒಣಸಿಗಡಿ ತರಬಹುದಾ? ದುಡ್ಡು ಅಲ್ಲೇ ಕೊಡುತ್ತೇನೆ.

ಬಂಗಡೆ_ಫ್ರೈ
ಅಪ್ಪೆಮಿಡಿ ಅಂತ ಹೆಸರಿಟ್ಟುಕೊಂಡು ಒಣಸಿಗಡಿಯಾ?

ಅಪ್ಪೆಮಿಡಿ
ಪಕ್ಕದ ಮನೆಯವರಿಗೆ.

ಕಾಳಿನದಿ_ಸಿಸ್ಟರ್
ತರುತ್ತೇನೆ ಮೇಡಂ. ಎರಡು ಪ್ಲಾಸ್ಟಿಕ್ಕಲ್ಲಿ ಸುತ್ತಿ, ಸರ್ಟಿಫಿಕೇಟಿನ ಫೈಲು ಬೇರೆ ಚೀಲದಲ್ಲಿ.